ದಾಕ್ಷಿಣ್ಯಕ್ಕೆ ನೂರಕ್ಕೆ ಎರಡೂಕಾಲು

ಜಯಸಿಂಹ ಮೇಷ್ಟ್ರಿಗೆ ದೇವರು ಎಲ್ಲವನ್ನೂ ಹಿತಮಿತವಾಗಿ ಕೊಟ್ಟಿದ್ದ. ದಾಕ್ಷಿಣ್ಯವನ್ನು ಮಾತ್ರ ಕೊಳಗಗಟ್ಟಲೆ ಸುರಿದಿದ್ದ.

ಕತ್ರಿಗುಪ್ಪೆಯ ಖಾಸಗಿ ಶಾಲೆಯಲ್ಲಿ ಕನ್ನಡ ಹೇಳಿಕೊಡುವ ಅವರ ನಿವೃತ್ತಿಗೆ ಇನ್ನು ಐದು ವರ್ಷ. ಪೆನ್ಷನ್ ಇಲ್ಲ. ಕೂಡಿಟ್ಟ ನಾಲ್ಕು ಲಕ್ಷವೇ ಮುಂದಿನ ಅನ್ನ. ಖರ್ಚು ಕಡಿಮೆ ಇರುವ ಮ್ಯೂಚುವಲ್ ಫಂಡಿಗೇ ಹಾಕುತ್ತೇನೆಂದು ಬನಶಂಕರಮ್ಮನ ಮುಂದೆ ಸಂಕಲ್ಪವನ್ನೂ ಮಾಡಿಕೊಂಡಿದ್ದರು. ಆ ವರ್ಷ, ೨೦೦೮ರ ಜನವರಿಯಿಂದ, ಅರ್ಜಿಯಲ್ಲಿ ಏಜೆಂಟರ ಖಾನೆಗೆ ‘ಡೈರೆಕ್ಟ್’ ಎಂದು ಬರೆದು ನಾವೇ ಕೊಟ್ಟುಬಂದರೆ ಏಜೆಂಟರ ಕಮಿಷನ್ನಿಗೆಂದು ನೂರಕ್ಕೆ ಎರಡೂಕಾಲು ರೂಪಾಯಿ ಮುರಿದುಕೊಳ್ಳುವುದಿಲ್ಲವೆಂದು ಪೇಪರಿನಲ್ಲಿ ಓದಿದ್ದರು.

ಆದರೆ ಏಜೆಂಟರು ಮರುಳಸಿದ್ದಪ್ಪ. ಶನಿವಾರದ ಭಜನೆಯಲ್ಲಿ ಪಕ್ಕದಲ್ಲೇ ಕೂತು ತಾಳ ಹಾಕುವವರು. ಅವರಿಗೆ ಬೇಡವೆನ್ನುವುದು ಹೇಗೆ?

ಯುಗಾದಿಯ ಮರುದಿನ ಅವರೇ ಮನೆಗೆ ಬಂದರು. ಸರಸ್ವತಮ್ಮ ಗಂಡನಿಗೂ ಅವರಿಗೂ ಒಬ್ಬಟ್ಟು ಬಡಿಸಿ, ತುಪ್ಪ ಹಾಕಿದರು.

“ಮೇಷ್ಟ್ರೇ, ಹೊಸ ಫಂಡ್ ಬಂದಿದೆ. ಯೂನಿಟ್‌ಗೆ ಹತ್ತೇ ರೂಪಾಯಿ! ಹಳೇದೆಲ್ಲಾ ಐವತ್ತು, ನೂರು. ನಿಮಗೆ ಕಡಿಮೇದೇ ಬೇಕು ಅಂದ್ರಲ್ಲಾ?”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. “ಹತ್ತು ಅಂದ್ರೆ ಅಗ್ಗಾನೇ ಅಲ್ವೇನೇ?”

“ಒಬ್ಬಟ್ಟು ಚಿಕ್ಕದಾಗಿ ತಟ್ಟಿದ್ರೆ ಲೆಕ್ಕಕ್ಕೆ ಜಾಸ್ತಿ ಆಗತ್ತೆ. ಹೂರಣ ಅಷ್ಟೇ ಅಲ್ವಾ? ನೀವು ಕೇಳ್ಬೇಕಾಗಿದ್ದು ವರ್ಷಾ ವರ್ಷಾ ಎಷ್ಟು ಹಿಡ್ಕೋತಾರೆ ಅಂತ.”

“ಅಕ್ಕ ತಮಾಷೆ ಮಾಡ್ತಾರೆ,” ಎಂದು ನಗುತ್ತ ಮರುಳಸಿದ್ದಪ್ಪ ಚೀಲದಿಂದ ಅರ್ಜಿ ಎಳೆದರು. ಬೆರಳಲ್ಲಿ ತುಪ್ಪ; ಒಂದಕ್ಕೊಂದು ಅಂಟಿ ಎರಡು ಅರ್ಜಿ ಬಂದವು. ಮೇಲಿನದು ಹತ್ತು ರೂಪಾಯಿಯ ಫಂಡಿನದು, ಖಾಲಿ. ಕೆಳಗಿನದು ಭರ್ತಿಯಾಗಿತ್ತು. ಸರಸ್ವತಮ್ಮ ಅದನ್ನು ಬಿಡಿಸಿ ಎತ್ತಿಕೊಂಡು ಓದಿದರು.

“ಹೆಸರು, ಮರುಳಸಿದ್ದಪ್ಪ. ಇಂಡೆಕ್ಸ್ ಫಂಡ್. ಏಜೆಂಟರ ಖಾನೇಲಿ... ಡೈರೆಕ್ಟ್.”

ಮೇಷ್ಟ್ರು ಮೆಲ್ಲಗೆ ಕೇಳಿದರು, “ಇದರಲ್ಲಿ ವರ್ಷದ ಖರ್ಚು ಕಡಿಮೇನಾ?”

“ಅದೇ ಕಡಿಮೆ, ಮೇಷ್ಟ್ರೇ. ಷೇರುಪೇಟೆ ಹೋದ ಕಡೆ ಸುಮ್ನೆ ಹೋಗತ್ತೆ, ಷೇರು ಆರಿಸೋರಿಗೆ ಅಂತ ದೊಡ್ಡ ಸಂಬಳ ಕೊಡ್ಬೇಕಾಗಿಲ್ಲ.” ಮರುಳಸಿದ್ದಪ್ಪ ಬೆರಳು ಒರೆಸಿಕೊಂಡರು. “ತಪ್ಪು ತಿಳ್ಕೋಬೇಡಿ. ಹತ್ತು ರೂಪಾಯಿದು ನನ್ನ ಕಸುಬು. ಇದು ನನ್ನ ಸಂಸಾರ.”

“ನಮ್ದೂ ಸಂಸಾರಾನೇ ಮರುಳಸಿದ್ದಪ್ಪನೋರೇ,” ಎಂದು ಸರಸ್ವತಮ್ಮ ಅವರ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದರು.

ಮೇಷ್ಟ್ರು ಹತ್ತು ರೂಪಾಯಿಯ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಅವಮಾನವಾಗಿದ್ದು ಅವರಿಗೇ ಏನೋ ಎಂಬಂತಿತ್ತು. ತುಂಬ ಸಂಕೋಚದಿಂದ ಕೇಳಿದರು:

“ಈ ಇಂಡೆಕ್ಸ್ ಫಂಡಿನದೇ ಖಾಲಿ ಅರ್ಜಿ ಇನ್ನೊಂದಿದೆಯಾ? ಹಾಗೇ... ‘ಡೈರೆಕ್ಟ್’ ಅಂತ ಬರೆಯೋಕೆ ಸ್ವಲ್ಪ ನಿಮ್ಮ ಪೆನ್ನು?”

ಅರ್ಜಿ ಇತ್ತು. ಪೆನ್ನೂ ಜೇಬಿನಲ್ಲೇ ಇತ್ತು. ಬಾಯಲ್ಲಿ ಇನ್ನೂ ಅವರ ಮನೆಯ ಒಬ್ಬಟ್ಟು. ಇಲ್ಲವೆನ್ನಲು ಮರುಳಸಿದ್ದಪ್ಪನವರಿಗೆ ದಾಕ್ಷಿಣ್ಯವಾಯಿತು.