ಮೂರು ಅಡಿ ದಾರಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಡಿಗೆ ಮನೆಗಳ ಕಟ್ಟಡ ನೋಡಿಕೊಳ್ಳುವವಳಿಗೆ ಅದು ಒಳ್ಳೆಯ ಗುಣವೆಂದೇ ಬಹಳ ಕಾಲ ನಂಬಿದ್ದೆ. ನಲ್ಲಿ ಸೋರಿದರೆ ಅಂದೇ ಪ್ಲಂಬರ್, ಮೆಟ್ಟಿಲ ಮೇಲೆ ಚಪ್ಪಲಿ ಕಂಡರೆ ಅಂದೇ ಜಗಳ. ಎರಡನೇ ಮಹಡಿಯ ಟೀಚರಮ್ಮನ ಮನೆಯ ಸಾಮಾನನ್ನೂ ಹಾಗೆಯೇ ಒಂದೇ ದಿನದಲ್ಲಿ ಖಾಲಿ ಮಾಡಿಸಿದ್ದೆ.

ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳೆಯ ಪೇಪರು, ಡಬ್ಬಿ, ಬಟ್ಟೆ. ಆಕೆ ಆಸ್ಪತ್ರೆಯಲ್ಲಿದ್ದಾಗ ನಾಲ್ಕು ಆಳುಗಳನ್ನು ಹಚ್ಚಿ ಎಲ್ಲವನ್ನೂ ಲಾರಿಗೆ ಹಾಕಿಸಿ, ಗೋಡೆಗೆ ಬಣ್ಣ ಹೊಡೆಸಿದೆ. ವಾಪಸು ಬಂದವರು ಹೊಸ್ತಿಲಲ್ಲೇ ನಿಂತು, "ಇದು ಯಾರ ಮನೆ?" ಎಂದರು. ಆರು ತಿಂಗಳಲ್ಲಿ ಮನೆ ಮೊದಲಿಗಿಂತ ಎತ್ತರಕ್ಕೆ ತುಂಬಿತು. ಕೊನೆಗೆ ಅವರನ್ನು ಹೊರಗೆ ಕಳಿಸಿ ಬೀಗ ಹಾಕಿದವಳೂ ನಾನೇ. ಹೀಗೆ ಕೂಡಿಡುವುದು ಕಾಯಿಲೆ, ಸೋಮಾರಿತನವಲ್ಲ ಎಂದು ಡಾಕ್ಟರೊಬ್ಬರು ಬಿಡಿಸಿ ಹೇಳಿದ್ದು ಆಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆದ್ದರಿಂದಲೇ ರೇಡಿಯೋ ಮಾಮನಿಗೆ ನೋಟಿಸ್ ಬಂದಾಗ ಆಳುಗಳನ್ನು ಕರೆಯದೆ ಆ ಡಾಕ್ಟರ ಬಳಿಗೆ ಓಡಿದೆ. ಕಟ್ಟಡದವರೆಲ್ಲ ಅವರನ್ನು ಕರೆಯುವುದೇ ಹಾಗೆ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೆ ಅಂಗಡಿಯೇ ಮನೆಗೆ ಬಂದಿತ್ತು. ಅಗ್ನಿಶಾಮಕದವರು ಬರೆದಿದ್ದರು: ಒಂದು ತಿಂಗಳೊಳಗೆ ಬಾಗಿಲಿನಿಂದ ಕಿಟಕಿಯವರೆಗೆ ಮೂರು ಅಡಿ ಅಗಲದ ದಾರಿ ಬಿಡಿಸಬೇಕು, ಇಲ್ಲದಿದ್ದರೆ ಮನೆ ಬಿಡಬೇಕು.

ಡಾಕ್ಟರು ಹೇಳಿಕೊಟ್ಟಂತೆ ಶುರುಮಾಡಿದೆ. ವಾರಕ್ಕೆ ಎರಡು ದಿನ, ಒಂದೊಂದೇ ಗಂಟೆ, ಒಂದು ಸಲಕ್ಕೆ ಒಂದೇ ಶೆಲ್ಫು. ಯಾವುದು ಇರಬೇಕು, ಯಾವುದು ಹೋಗಬೇಕೆಂದು ಹೇಳುವವರು ಮಾಮ. ಅವರು ಮುಟ್ಟು ಎನ್ನದೆ ನಾನು ಏನನ್ನೂ ಮುಟ್ಟುವಂತಿಲ್ಲ, ಬರೀ ಚೀಲ ಹಿಡಿಯಬೇಕು. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಒಂದೊಂದು ರೇಡಿಯೋಗೂ ದಾರದಲ್ಲಿ ಒಂದು ಚೀಟಿ, ಅದರ ಮೇಲೆ ಕೊಟ್ಟವರ ಹೆಸರು.

"ಇದು ಹಾಡುತ್ತಾ ಮಾಮ?"

"ಇಲ್ಲ."

"ಮತ್ಯಾಕೆ ಇಟ್ಕೊಂಡಿದೀರಿ?"

"ಇದು ನನ್ನದಲ್ಲಮ್ಮ, ಗಿರಾಕಿದು. ಬಂದು ಎಲ್ಲಯ್ಯಾ ನನ್ನ ರೇಡಿಯೋ ಅಂದ್ರೆ ಮುಖ ಎಲ್ಲಿಟ್ಕೊಳ್ಲಿ?"

"ಇಪ್ಪತ್ತು ವರ್ಷ ಆಯ್ತು. ಇನ್ನೆಲ್ಲಿ ಬರ್ತಾನೆ?"

"ಬಂದ್ರೆ?"

ಖಾಲಿ ಚೀಲವನ್ನು ಮಡಚಿಕೊಂಡು ಆ ದಿನ ಕೆಳಗಿಳಿದೆ.

ಮೂರನೇ ಸಲ ಅವರಾಗಿಯೇ ಆರು ರೇಡಿಯೋಗಳನ್ನು ಚೀಲಕ್ಕೆ ಇಳಿಸಿದರು. "ಜೋಪಾನ," ಎಂದರು. ನಾನು ಗೆದ್ದ ಹುಮ್ಮಸ್ಸಿನಲ್ಲಿ ಕೆಳಗಿಳಿದು ಚೀಲವನ್ನು ಕಸದ ತೊಟ್ಟಿಯ ಪಕ್ಕದಲ್ಲಿಟ್ಟು ಕೈ ಝಾಡಿಸಿಕೊಂಡೆ. ಬೆಳಿಗ್ಗೆ ಹಾಲಿಗೆಂದು ಇಳಿದ ಮಾಮ ಅದನ್ನು ಕಂಡರು. ಮಣ್ಣಾದ ಚೀಟಿಗಳನ್ನು ಅಂಗಿಗೆ ಒರೆಸಿ, ಚೀಲವನ್ನು ಮೆಟ್ಟಿಲು ಮೆಟ್ಟಿಲಿಗೂ ಇಳಿಸಿ, ಎತ್ತಿ ಮೇಲಕ್ಕೆ ಹೊತ್ತುಕೊಂಡು ಹೋದರಂತೆ. ಆಮೇಲೆ ಒಂಬತ್ತು ದಿನ ನನಗೆ ಬಾಗಿಲು ತೆರೆಯಲಿಲ್ಲ.

ಹತ್ತನೆಯ ದಿನ ಮುಚ್ಚಿದ ಬಾಗಿಲಿನ ಮುಂದೆಯೇ ನೆಲದ ಮೇಲೆ ಕೂತೆ. "ಮಾಮ, ತಪ್ಪಾಯ್ತು. ಜೋಪಾನ ಅಂದಿದ್ರಿ. ಕೇಳಿಸ್ಕೊಂಡೂ ಕಸಕ್ಕಿಟ್ಟೆ," ಎಂದೆ. ಟೀಚರಮ್ಮನ ಕಥೆಯನ್ನೂ ಹೇಳಿದೆ. ಆ ಮಾತನ್ನು ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಬಾಗಿಲು ಒಂದು ಗೇಣು ತೆರೆಯಿತು. "ಎಲ್ಲಿಗೆ ಹೋಗುತ್ತೆ ಅಂತ ಹೇಳಿದ್ರೆ ಕೊಡ್ತೀನಿ. ಸುಮ್ನೆ ಹೋಗುತ್ತೆ ಅಂದ್ರೆ ಕೊಡಲ್ಲ."

ರಿಪೇರಿ ಕೆಲಸ ಕಲಿಸುವ ಶಾಲೆಯೊಂದನ್ನು ಹುಡುಕಿದೆ. ಮಾಮನೇ ಬಂದು ಅಲ್ಲಿನ ಮೇಜು, ಉಪಕರಣ ಎಲ್ಲ ನೋಡಿ ತಲೆಯಾಡಿಸಿದರು. ಚೀಟಿಗಳನ್ನು ಮಾತ್ರ ಕೊಡಲಿಲ್ಲ. ಅವನ್ನೆಲ್ಲ ಒಂದು ತಂತಿಗೆ ಪೋಣಿಸಿ ಬಾಗಿಲ ಹಿಂದೆ ನೇತುಹಾಕಿದರು. ಗಿರಾಕಿ ಬಂದರೆ ಅವನ ರೇಡಿಯೋ ಎಲ್ಲಿದೆಯೆಂದು ಹೇಳಬಹುದಲ್ಲ! ಆಮೇಲೆ ದಿನಕ್ಕೊಂದರಂತೆ ಶೆಲ್ಫು ಇಳಿಯಿತು.

ಕೊನೆಯ ದಿನ ಅಧಿಕಾರಿ ಟೇಪು ಹಿಡಿದು ಬಂದರು. ಬಾಗಿಲ ಬಳಿ ಮೂರು ಅಡಿ. ಮಂಚದ ಬಳಿ ಮೂರು ಅಡಿ. ಕಿಟಕಿಯ ಹತ್ತಿರ ಎರಡು ಅಡಿ ಎಂಟು ಇಂಚು. ಅಲ್ಲಿ ಸ್ಟೂಲಿನ ಮೇಲೊಂದು ಮರದ ರೇಡಿಯೋ ದಾರಿಗೆ ಚಾಚಿಕೊಂಡಿತ್ತು. ಅದಕ್ಕೆ ಮಾತ್ರ ಚೀಟಿಯಿರಲಿಲ್ಲ. ಅದು ಮಾಮನ ಹೆಂಡತಿಯದು. ರಿಪೇರಿ ಮಾಡಿಕೊಡಿ ಎಂದು ಆಕೆ ಕೇಳುತ್ತಲೇ ಇದ್ದರಂತೆ. ಗಿರಾಕಿಗಳ ಕೆಲಸ ಮುಗಿಯಲಿ ಎಂದು ಇವರು ಹೇಳುತ್ತಲೇ ಇದ್ದರಂತೆ. ಕೆಲಸ ಮುಗಿಯುವ ಮೊದಲೇ ಆಕೆ ಹೋಗಿಬಿಟ್ಟರು.

"ಅದೊಂದು ಎತ್ತಿಬಿಡಿ, ಸರಿಯಿದೆ ಅಂತ ಬರ್ಕೊಂಡು ಹೋಗ್ತೀನಿ," ಎಂದರು ಅಧಿಕಾರಿ, ಗಡಿಯಾರ ನೋಡುತ್ತ.

ಮಾಮ ಕದಲಲಿಲ್ಲ. ನಾಲ್ಕು ಇಂಚು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡೆ.

"ಮಾಮ, ನಾನು ಮುಟ್ಲಾ?"

ಅಧಿಕಾರಿ ಕೆಮ್ಮಿದರು. ನಾನು ಅವರತ್ತ ನೋಡಲಿಲ್ಲ. ಕಾದೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನೆ ನಿಂತವಳಲ್ಲ.

"ಮುಟ್ಟು," ಎಂದರು ಮಾಮ. "ಮಂಚದ ಮೇಲಿಡು."

ಎತ್ತಿದೆ. ಹೂವಿನಷ್ಟು ಹಗುರ. ಹಿಂದಿನ ಹಲಗೆಯ ಸಂದಿಯಲ್ಲಿ ಒಳಗೆ ಏನೂ ಕಾಣಲಿಲ್ಲ; ಬರೀ ಪೆಟ್ಟಿಗೆ. ಒಳಗಿನದನ್ನೆಲ್ಲ ಮಾಮ ಒಂದೊಂದಾಗಿ ಕಳಚಿ ಗಿರಾಕಿಗಳ ರೇಡಿಯೋಗಳಿಗೆ ಹಾಕಿಬಿಟ್ಟಿದ್ದರೆಂದು ಆಗ ಹೊಳೆಯಿತು. ತಲೆಯೆತ್ತಿದರೆ ಮಾಮ ನನ್ನನ್ನೇ ನೋಡುತ್ತಿದ್ದರು.

ನಾನು ಅದನ್ನು ಎರಡು ಕೈಯಲ್ಲೂ ತಬ್ಬಿ, ಬಹಳ ಭಾರವಿದೆಯೆಂಬಂತೆ, ನಿಧಾನವಾಗಿ ಒಂದೊಂದೇ ಹೆಜ್ಜೆಯಿಟ್ಟು ಮಂಚದವರೆಗೆ ಹೊತ್ತುಕೊಂಡು ಹೋದೆ.