ಜವರಯ್ಯ ಬಿಚ್ಚಿದ ಹಾದಿ

ನಾನು ಒಂದು ಕರೆಂಟು ರೈಲಿನ ಹಾದಿ. ನನ್ನ ಕಂಬಿಗಳು ಹಡಗಿನಲ್ಲಿ ಬಂದವು, ಆಮೇಲೆ ಎತ್ತಿನ ಗಾಡಿಯಲ್ಲಿ. ಒಂದು ತುದಿಗೆ ಬಟ್ಟೆ ಗಿರಣಿಯ ಪೇಟೆ, ಇನ್ನೊಂದು ತುದಿಗೆ ಕಚೇರಿ, ಹೈಸ್ಕೂಲುಗಳ ಪಟ್ಟಣ; ನಡುವೆ ಹದಿನಾಲ್ಕು ಮೈಲಿ ನಾನು. ತಲೆಯ ಮೇಲೆ ತಾಮ್ರದ ತಂತಿ. ಹೊಗೆಯಿಲ್ಲದೆ ಓಡಿದ ಬಂಡಿಗೆ ಮೊದಲ ದಿನ ಜನ ದೂರದಿಂದಲೇ ಕೈಮುಗಿದರು. ತಿಂಗಳೊಳಗೆ ಕೋಳಿ, ಕುಂಬಳಕಾಯಿ, ಕೂಸುಗಳ ಸಮೇತ ಹತ್ತಿ ಕೂತರು.

ನನ್ನನ್ನು ನೋಡಿಕೊಳ್ಳುತ್ತಿದ್ದವನು ಗ್ಯಾಂಗ್‌ಮನ್ ಜವರಯ್ಯ. ಮರಡಿಪುರದ ಹಳ್ಳದ ಸೇತುವೆಯ ಪಕ್ಕದಲ್ಲೇ ಅವನ ಮನೆ. ಬೆಳಿಗ್ಗೆ ಉದ್ದನೆಯ ಸ್ಪಾನರ್ ಹೆಗಲಿಗೇರಿಸಿ ನನ್ನ ಮೇಲೆ ನಡೆಯುವನು; ಸಡಿಲವಾದ ಬೋಲ್ಟನ್ನು ಸದ್ದಿನಿಂದಲೇ ಗುರುತಿಸುವನು. ಅವನ ಮಗಳು ಚಿಕ್ಕತಾಯಿ ಆ ಊರಿನಿಂದ ಹೈಸ್ಕೂಲಿಗೆ ಹೋದ ಮೊದಲ ಹುಡುಗಿ. ಎಂಟು ಗಂಟೆಯ ಬಂಡಿ ಹತ್ತುವಾಗ ಅಪ್ಪನ ಕಡೆ ತಿರುಗಿ ನಗುವಳು.

ಹೆದ್ದಾರಿಗೆ ಬಸ್ಸುಗಳು ಬಂದವು. ಗಿರಣಿ ಮುಚ್ಚಿತು. ಒಂದು ಸೋಮವಾರ ಬಂಡಿ ಬರಲೇ ಇಲ್ಲ. ಮರಡಿಪುರಕ್ಕೆ ಹೆದ್ದಾರಿ ಬಲು ದೂರ. ಚಿಕ್ಕತಾಯಿ ಸೇತುವೆ ದಾಟಿ, ನನ್ನ ಮೇಲೆಯೇ ನಾಲ್ಕು ಮೈಲಿ ನಡೆದು ಶಾಲೆಗೆ ಹೋಗತೊಡಗಿದಳು. ಸಂಬಳ ನಿಂತರೂ ಜವರಯ್ಯ ಬೋಲ್ಟು ಬಿಗಿಯುವುದನ್ನು ಬಿಡಲಿಲ್ಲ. "ಇವತ್ತಲ್ಲ ನಾಳೆ ಬಂಡಿ ಬತ್ತದೆ ಕಣವ್ವ" ಎನ್ನುತ್ತಿದ್ದ.

ಬಂದವನು ಗುಜರಿ ಕಂಟ್ರಾಕ್ಟರು. ಮೊದಲು ತಾಮ್ರದ ತಂತಿ ಹೋಯಿತು. ನನ್ನ ಬೋಲ್ಟುಗಳ ಮರ್ಮ ಬಲ್ಲವನು ಜವರಯ್ಯನೊಬ್ಬನೇ. ಬೇರೆ ಕೆಲಸ ಸಿಗದೆ ಕೂಲಿಗೆ ಒಪ್ಪಿಕೊಂಡ. ಕಂಟ್ರಾಕ್ಟರು ಎರಡೂ ತುದಿಗಳಿಂದ ಬಿಚ್ಚಿಸುತ್ತ ಬಂದು, ಸೇತುವೆಯನ್ನು ಕಡೆಗೆ ಉಳಿಸಿಕೊಂಡ.

"ಸಾಮಿ, ಇದೊಂದ ಬುಟ್ಬುಡಿ. ನನ್ ಮಗಳು ಇದ್ರ ಮ್ಯಾಲೇ ಇಸ್ಕೂಲ್ಗೆ ಓಯ್ತಾಳೆ."

"ಹೆಚ್ಚು ಕಬ್ಬಿಣ ಇರೋದೇ ಇದ್ರಲ್ಲಿ ಜವರಯ್ಯ," ಎಂದ ಕಂಟ್ರಾಕ್ಟರು. "ನಿನ್ ಕೈಲಿ ಆಗ್ದಿದ್ರೆ ಹೇಳು, ಬೇರೆಯೋರ್ನ ಕರೆಸ್ತೀನಿ."

ಜವರಯ್ಯ ಸ್ಪಾನರ್ ಎತ್ತಿಕೊಂಡ. ಅಷ್ಟರಲ್ಲಿ ಶಾಲೆಯಿಂದ ಬಂದ ಚಿಕ್ಕತಾಯಿ ಸೇತುವೆ ದಾಟಿ ಅವನೆದುರು ನಿಂತಳು.

"ನೀನೇ ಬಿಚ್ಚೀಯಾ ಅಪ್ಪ?"

"ನಾನ್ ಬಿಚ್ದಿದ್ರೂ ಬ್ಯಾರೇರು ಬಿಚ್ತಾರೆ ಕಣವ್ವ."

"ಬ್ಯಾರೇರೇ ಬಿಚ್ಚಿದ್ರೆ ಚೆಂದಾಗಿತ್ತು" ಎಂದು ಅವಳು ಮನೆಯೊಳಗೆ ಹೋದಳು.

ಮೊದಲ ಬೋಲ್ಟು ಸಲೀಸಾಗಿ ತಿರುಗಿತು. ಅವನೇ ಎಣ್ಣೆ ಹಾಕಿದ್ದ ಬೋಲ್ಟು.

ಆ ಮಳೆಗಾಲ ಪೂರ್ತಿ ಹಳ್ಳ ತುಂಬಿ ಹರಿಯಿತು. ಹಾಜರಿ ಸಾಲದೆ ಶಾಲೆಯಲ್ಲಿ ಅವಳ ಹೆಸರು ಹೊಡೆದುಹಾಕಿದರು. ಮಾಘದಲ್ಲಿ ಮದುವೆಯಾಯಿತು. ತವರಿಗೆ ಬಂದಾಗ ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದಳು, ಅಷ್ಟೆ. ಅದರಾಚೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ಎದುರು ಕೂತು ತಲೆ ತಗ್ಗಿಸಿ ಉಣ್ಣುತ್ತಿದ್ದ ಜವರಯ್ಯ ಮೂರು ವರ್ಷಕ್ಕೆ ತೀರಿಕೊಂಡ.

ನನ್ನ ಕಬ್ಬಿಣ ಯಾವ ಕುಲುಮೆಯಲ್ಲಿ ಕರಗಿತೋ ತಿಳಿಯದು. ಈ ದಡದ ಕಲ್ಲುಕಟ್ಟಡಕ್ಕೆ ಕಚ್ಚಿಕೊಂಡ ಎರಡು ಗಜ ಕಂಬಿ ಮಾತ್ರ ಉಳಿದಿದೆ. ಅದರ ಮೇಲೆ ಊರಿನವರು ಬಟ್ಟೆ ಒಣಹಾಕುತ್ತಾರೆ. ಹಾದಿಯೆಂದರೆ ಯಾರನ್ನಾದರೂ ಎಲ್ಲಿಗಾದರೂ ತಲುಪಿಸಬೇಕು. ಎದುರಿಗೇ ಕಾಣುವ ಆ ದಡಕ್ಕೂ ನಾನು ಯಾರನ್ನೂ ತಲುಪಿಸಲಾರೆ.