ಬಾಗಿಲ ಕಾಗದದಲ್ಲಿ ಇಲ್ಲದ ಹೆಸರು

ಕಾಸ್ತಾಳ ತೋರುಬೆರಳನ್ನು ಟ್ಯಾಬ್ಲೆಟ್ಟಿನ ಗಾಜಿನ ಹಲಗೆ ಗುರುತಿಸುತ್ತಲೇ ಇರಲಿಲ್ಲ. ಚಿಕ್ಕಂದಿನಿಂದ ಕುರಿಯ ಹಾಲು ಕರೆದು, ಸೌದೆ ಒಡೆದು, ಬೂದಿಯಲ್ಲಿ ಪಾತ್ರೆ ತಿಕ್ಕಿ ಅದರ ತುದಿ ಮರದ ತೊಗಟೆಯಂತಾಗಿತ್ತು. ಕಿರುಬೆರಳು ಮಾತ್ರ ಅಷ್ಟು ದುಡಿದಿರಲಿಲ್ಲ, ಅದರ ಮಾತನ್ನು ಗಾಜು ಕೇಳುತ್ತಿತ್ತು. ಆ ಕಿರುಬೆರಳಿನಿಂದಲೇ ಅವಳು ತೋರೊ ಪಟ್ಟಣದ ಬೀದಿಗಳಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಎರಡು ವಾರ ಕಳೆದಿದ್ದಳು.

ಮಧ್ಯಾಹ್ನ ಮೂರರಿಂದ ಐದರವರೆಗೆ ಓನೊಫ್ರೆಯ ಬಾರಿನಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಊರಿನಲ್ಲಿ ಉಳಿದಿರುವ ಮೂವತ್ತೊಂದು ಮಂದಿ ಉಂಡು ಮಲಗಿರುತ್ತಾರೆ. ಕಾಸ್ತಾ ಕೋಳಿಗಳಿಗೆ ಕಾಳು ಚೆಲ್ಲಿ ಬಂದು ಒಲೆಯ ಪಕ್ಕದ ಮೇಜಿಗೆ ಕೂರುತ್ತಾಳೆ. ಓನೊಫ್ರೆ ತನ್ನ ಮಗಳು ಬಿಟ್ಟುಹೋದ ಹಳೆಯ ಟ್ಯಾಬ್ಲೆಟ್ಟನ್ನು ಅವಳ ಮುಂದಿಟ್ಟು, ಕಾಫಿ ಯಂತ್ರ ಒರೆಸುತ್ತ ನಿಲ್ಲುತ್ತಾನೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು.

"ಇವತ್ತು ಯಾವೂರಿಗೆ ಸವಾರಿ?"

"ತೋರೊ ಮುಗೀತು. ತೊರ್ದೆಸಿಯಾಸ್‌ಗೆ."

"ನಡೆದೂ ನಡೆದೂ ಕಾಲು ನೋಯ್ತಿರ್ಬೇಕು ನಿಂಗೆ."

"ನಿನ್ನ ಕಾಫಿಗೆ ಹೊಟ್ಟೆ ನೋಯುತ್ತೆ. ಕಾಲು ಚೆನ್ನಾಗೇ ಇದೆ."

ಅವಳು ಹುಡುಕುತ್ತಿದ್ದುದು ತಮ್ಮ ಎವೆಲಿಯೊನನ್ನು. ಅವನು ಜಾನುವಾರು ಮೇವಿನ ಲಾರಿ ಓಡಿಸುತ್ತಿದ್ದವನು. ಅಮ್ಮ ಹಾಸಿಗೆ ಹಿಡಿದ ಮೊದಲ ತಿಂಗಳು ಒಮ್ಮೆ ಬಂದು ಹೋದವನು, ಆಮೇಲಿನ ಎರಡು ವರ್ಷ ಫೋನಿನಲ್ಲಿ "ಮುಂದಿನ ವಾರ ಬರ್ತೀನಿ" ಎನ್ನುವುದರಲ್ಲೇ ಕಳೆದ. ಅಮ್ಮನನ್ನು ಹೊರಳಿಸುವುದು, ಒರೆಸುವುದು, ಉಣಿಸುವುದು, ಬೈಸಿಕೊಳ್ಳುವುದು ಎಲ್ಲವೂ ಕಾಸ್ತಾಳ ಪಾಲಿಗೇ ಬಂತು. ನಾಲ್ಕು ವರ್ಷದ ಹಿಂದೆ ಅಮ್ಮ ಸತ್ತ ದಿನ ಅವಳು ಅವನಿಗೊಂದು ಫೋನು ಮಾಡಿ, ನಾಲ್ಕು ಮಾತಲ್ಲಿ ಸುದ್ದಿ ಮುಟ್ಟಿಸಿ ಇಟ್ಟಳು.

ಆ ಸೀಮೆಯಲ್ಲಿ ಯಾರೇ ಸತ್ತರೂ ಕಪ್ಪು ಅಂಚಿನ ಕಾಗದವೊಂದು ಚರ್ಚಿನ ಬಾಗಿಲಿಗೂ ಬಾರಿನ ಬಾಗಿಲಿಗೂ ಬಂದು ಅಂಟುತ್ತದೆ. ಮೇಲೆ ಸತ್ತವರ ಹೆಸರು. ಕೆಳಗೆ ಮಕ್ಕಳು, ಅಳಿಯ, ಸೊಸೆ, ಮೊಮ್ಮಕ್ಕಳು, ಸಾಲಾಗಿ. ಜನ ಕನ್ನಡಕ ಏರಿಸಿ ಓದುವುದು ಆ ಕೆಳಗಿನ ಸಾಲನ್ನೇ. ಶವಸಂಸ್ಕಾರದ ಕಂಪನಿಯವನು ಕಾಗದ ಅಚ್ಚು ಹಾಕಿಸಲು ಫೋನಿನಲ್ಲಿ ಕೇಳಿದ್ದ: "ಮಕ್ಕಳು?"

"ಕಾಸ್ತಾ."

"ಮತ್ತೆ?"

"ಇಷ್ಟೇ," ಅಂದಿದ್ದಳು.

ಎವೆಲಿಯೊ ಮಣ್ಣಿಗೂ ಬರಲಿಲ್ಲ ಎಂದು ಊರು ಆಡಿಕೊಂಡಿತು. ಅವಳೂ ಆಡಿಕೊಂಡಳು. ಈ ಜನವರಿಯಲ್ಲಿ ಹಂದಿ ಕಡಿದ ದಿನ, ಸಾಸೇಜಿಗೆಂದು ಕರುಳಿಗೆ ಮಾಂಸ ತುಂಬುತ್ತ ಕೂತಿದ್ದಾಗ, ಎರಡು ಲೋಟ ವೈನು ಒಳಗೆ ಹೋಗಿದ್ದ ಓನೊಫ್ರೆ ತಲೆ ಎತ್ತದೆ ಹೇಳಿಬಿಟ್ಟ.

"ಅವನು ಬಂದಿದ್ದ ಕಣೇ, ಕಾಸ್ತಾ. ಕೋಟು, ಕರಿ ಟೈ, ಎಲ್ಲ ಹಾಕ್ಕೊಂಡೇ ಬಂದಿದ್ದ. ನಮ್ಮ ಬಾಗಿಲ ಮುಂದೆ ನಿಂತು ಕಾಗದ ಓದ್ದ. ಕೆಳಗಿನ ತನಕ ಬಂದು ಮತ್ತೆ ಮೇಲಿಂದ ಓದ್ದ. ಆಮೇಲೆ ಕಾರು ತಿರುಗಿಸ್ಕೊಂಡು ಹೋದ."

"ನಾಲ್ಕು ವರ್ಷ ಬಾಯಲ್ಲಿ ಏನು ಇಟ್ಕೊಂಡಿದ್ದೆ?"

"ನಿನ್ನ ಮುಖಕ್ಕೆ ಹೆದರಿದ್ದೆ, ಮಾರಾಯ್ತಿ."

ಕಾಸ್ತಾ ಕೈತೊಳೆದು ಬಂದು ಎವೆಲಿಯೊನ ನಂಬರಿಗೆ ಫೋನು ಮಾಡಿದಳು. ಆ ನಂಬರೇ ಈಗ ಇರಲಿಲ್ಲ. ಸಮೋರಾ ಪಟ್ಟಣದಲ್ಲಿದ್ದ ಬಾಡಿಗೆ ಮನೆಯನ್ನು ಅವನು ಬಿಟ್ಟು ಮೂರು ವರ್ಷವಾಗಿತ್ತು. ಆಗ ಓನೊಫ್ರೆ ಟ್ಯಾಬ್ಲೆಟ್ಟಿನಲ್ಲಿ ತನ್ನ ಬಾರಿನ ಪುಟ ತೆಗೆದು, ಗಿರಾಕಿಗಳು ಬರೆದ ಅಭಿಪ್ರಾಯಗಳ ಕೊನೆಗೆ ಜಾರಿಸಿ ತೋರಿಸಿದ. ಐದಕ್ಕೆ ಒಂದೇ ನಕ್ಷತ್ರ. "ಒಳಗೆ ಹೋಗಲಿಲ್ಲ. ಬಾಗಿಲಲ್ಲಿ ಕಾಗದವಿತ್ತು. ಅದರಲ್ಲಿ ನಾನಿರಲಿಲ್ಲ." ಕೆಳಗೆ ಎವೆಲಿಯೊನ ಪೂರ್ತಿ ಹೆಸರು.

"ನನ್ನ ಬಾರಿಗೆ ಬಿದ್ದಿರೋ ಒಂದೇ ಒಂದು ಒಂಟಿ ನಕ್ಷತ್ರ," ಅಂದ ಓನೊಫ್ರೆ. "ಅದೂ ನಿನ್ನಿಂದ."

ಆ ಹೆಸರನ್ನು ಒತ್ತಿದರೆ ಅವನು ಬರೆದದ್ದೆಲ್ಲ ಸಾಲಾಗಿ ಬಂತು. ಎಲ್ಲವೂ ಬೆಳ್ಳುಳ್ಳಿ ಸೂಪಿನ ಬಗ್ಗೆ. ಊರು ಬೇರೆ, ಬಾರು ಬೇರೆ. ಊರುಗಳ ಹೆಸರು ಓದಿದಂತೆ ಕಾಸ್ತಾಳಿಗೆ ತಿಳಿಯಿತು, ತಮ್ಮ ದುಯೆರೊ ನದಿಯ ಹರಿವಿಗೆ ಎದುರುಮುಖವಾಗಿ ಹೋಗಿದ್ದಾನೆ. ತಮ್ಮೂರ ಕಲ್ಲುಕಮರಿಯ ಕೆಳಗೆ ಹರಿಯುವ ಅದೇ ನೀರು.

"ಸುಮ್ನೆ ಕೊನೇದನ್ನ ನೋಡಿ ಆ ಬಾರಿಗೆ ಫೋನ್ ಮಾಡ್ಬಾರ್ದಾ?" ಎಂದು ಓನೊಫ್ರೆ ಆವತ್ತೇ ಕೇಳಿದ್ದ.

"ಅವನು ಹೋದ ದಾರೀಲೇ ಹೋಗ್ತೀನಿ," ಅಂದಿದ್ದಳು. ಕೊನೆಯದನ್ನು ನೋಡಲು ಧೈರ್ಯವಿಲ್ಲ ಎಂಬುದು ಅವನಿಗೂ ಗೊತ್ತಾಗಿತ್ತು. ಅವನು ಮತ್ತೆ ಕೇಳಲಿಲ್ಲ.

ಹೀಗೆ ಅವಳ ಪ್ರಯಾಣ ಶುರುವಾಗಿತ್ತು. ಪ್ರತಿ ಊರಿನಲ್ಲೂ ಸೇತುವೆಯಿಂದ ಒಳಹೊಕ್ಕು, ಟ್ಯಾಬ್ಲೆಟ್ಟಿನ ನಕ್ಷೆಯೊಳಗಿನ ಬೀದಿಯ ಚಿತ್ರಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ಅವನ ಬಾರಿನವರೆಗೆ ನಡೆಯುವಳು. ಬಾಗಿಲಲ್ಲಿ ನಿಂತು ಅವನು ಬರೆದದ್ದನ್ನು ಓದುವಳು. ತೋರೊ: "ಬೆಳ್ಳುಳ್ಳಿ ಸೀದಿದೆ. ಮನೆಯ ಹಾಗಲ್ಲ. ಎರಡು." ತೊರ್ದೆಸಿಯಾಸ್‌ನಲ್ಲಿ ಮಾತ್ರ ಅವಳು ತುಂಬ ಹೊತ್ತು ನಿಂತಳು. "ಅಮ್ಮನ ಕೈ ರುಚಿಯೇ. ಕೊನೆಯ ಸಲ ಹೋದಾಗ ಅಮ್ಮ ನನ್ನನ್ನು ತೋರಿಸಿ, ಈ ಯಜಮಾನರು ಯಾರು ಅಂತ ಅಕ್ಕನನ್ನು ಕೇಳಿದಳು. ಮತ್ತೆ ಹೋಗಲಾಗಲಿಲ್ಲ. ಸೂಪು ಪೂರ್ತಿ ಮಾಡಲಿಲ್ಲ, ಅಡುಗೆಯವರ ತಪ್ಪಲ್ಲ. ಐದು."

ಕಾಸ್ತಾ ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಅಮ್ಮ ಹಾಗೆ ಕೇಳಿದ್ದು ಅವಳಿಗೆ ನೆನಪಿತ್ತು. ತಾನು ನಕ್ಕಿದ್ದೂ ನೆನಪಿತ್ತು.

ಅರಾಂದಾ ದಾಟಿದಳು. ಬುರ್ಗೊ ದೆ ಒಸ್ಮಾದಲ್ಲಿ ಬರೆದಿದ್ದ: "ಸೂಪು ಚೆನ್ನಾಗಿದೆ. ಬಾಗಿಲಿಗೆ ನಾಲ್ಕು ಮೆಟ್ಟಿಲು. ಹತ್ತುವಾಗ ಎರಡು ಸಲ ನಿಂತೆ." ಮೆಟ್ಟಿಲುಗಳನ್ನು ಅವಳು ಚಿತ್ರದಲ್ಲಿ ಎಣಿಸಿದಳು. ನಾಲ್ಕೇ. ಎತ್ತರವೇನೂ ಇರಲಿಲ್ಲ.

ಫೆಬ್ರವರಿಯ ಕೊನೆಯ ಗುರುವಾರ ಅವಳು ಆಲ್ಮಸಾನ್ ತಲುಪಿದಳು. ಎಂಟು ತಿಂಗಳ ಹಿಂದೆ ಬರೆದದ್ದು, ಕೊನೆಯದು: "ಸಗ್ರಾರಿಯೊ ನನಗೆಂದು ಮೂಲೆ ಮೇಜು ಇಟ್ಟಿರುತ್ತಾಳೆ. ಕಿಟಕಿಯಿಂದ ನದಿ ಕಾಣುತ್ತದೆ. ಇನ್ನು ಇಲ್ಲೇ." ಕಾಸ್ತಾ ಸೇತುವೆ ದಾಟಿ, ಕೋಟೆಬಾಗಿಲು ದಾಟಿ, ಆ ಬೀದಿಗೆ ತಿರುಗಿದಳು. ಬಾರಿನ ಹೊರಗೆ ಒಂದು ಬೆಂಚು. ಬೆಂಚಿನ ಮೇಲೆ ಟೋಪಿ ಹಾಕಿದವನೊಬ್ಬ, ಕಾಲ ಬುಡದಲ್ಲಿ ಕಂದು ನಾಯಿ. ದಾರಿಹೋಕರ ಮುಖವನ್ನೆಲ್ಲ ಮಸುಕು ಮಾಡುವ ಆ ಯಂತ್ರ ಇವನ ಮುಖವನ್ನೂ ಒರೆಸಿಹಾಕಿತ್ತು. ಆದರೆ ಎಡಗೈ ತೊಡೆಯ ಮೇಲೆ ಅಂಗಾತವಾಗಿತ್ತು, ಅಪ್ಪ ಕೂರುತ್ತಿದ್ದ ಹಾಗೆ.

"ಓನೊಫ್ರೆ. ಬಾ ಇಲ್ಲಿ."

ಅವನು ಬಂದು ಬಗ್ಗಿ ನೋಡಿದ. "ಅವನೇ ಕಣೇ. ಆ ಭುಜ ಅವನದ್ದೇ."

ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. ಬೆಂಚು ಖಾಲಿಯಾಯಿತು. ಅದು ಬೇರೆ ಯಾವುದೋ ದಿನ ತೆಗೆದ ಚಿತ್ರ. ಬಾರಿನ ಬಾಗಿಲು ಮುಚ್ಚಿತ್ತು. ಅದರ ಮೇಲೊಂದು ಬಿಳಿ ಕಾಗದ ಅಂಟಿತ್ತು. ಎಷ್ಟು ಹಿಗ್ಗಿಸಿದರೂ ಅಕ್ಷರ ಕೂಡಲಿಲ್ಲ, ಅಂಚು ಕಪ್ಪೋ ಅಲ್ಲವೋ ತಿಳಿಯಲಿಲ್ಲ.

"ಫೋನ್ ಮಾಡು," ಅಂದ ಓನೊಫ್ರೆ.

"ನಾಳೆ ಮಾಡ್ತೀನಿ."

"ಈಗಲೇ ಮಾಡು."

ಹೇಳಬೇಕಾದ ಮಾತನ್ನು ಅವಳು ಜನವರಿಯಿಂದ ಕೋಳಿಗೂಡಿನಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡಿದ್ದಳು. ಎವೆಲಿಯೊ, ನಿನ್ನ ಹೆಸರು ಬಿಟ್ಟವಳು ನಾನು, ಮನೆಗೆ ಬಾ. ಅದನ್ನೇ ಬಾಯೊಳಗೆ ಹೊರಳಿಸುತ್ತ ಆ ಬಾರಿನ ನಂಬರು ಒತ್ತಿದಳು. ಆ ಕಡೆ ಪಾತ್ರೆಗಳ ಸದ್ದಿನ ನಡುವೆ ಹೆಂಗಸೊಬ್ಬಳು ಎತ್ತಿಕೊಂಡಳು. ತಾನು ಸಗ್ರಾರಿಯೊ ಎಂದಳು.

"ನಿಮ್ಮ ಬಾಗಿಲಿಗೆ ಒಂದು ಕಾಗದ ಅಂಟಿಸಿದೀರಲ್ಲ, ಅದು ಯಾರದ್ದು?"

"ಕಾಗದಾನಾ? ಯಾವ ಕಾಗದ ತಾಯಿ? ಬಾಗಿಲಲ್ಲಿ ಏನೂ ಇಲ್ವಲ್ಲ... ಓ, ನೀವು ಕಂಪ್ಯೂಟರಿನಲ್ಲಿ ನೋಡಿದ್ರಾ? ಅದು ಆಗಸ್ಟಿಗೆ ಬಾಗಿಲು ಹಾಕ್ತೀವಿ ಅಂತ ಬರೆದಿದ್ದು. ಇನ್ನೂ ಅದನ್ನೇ ತೋರಿಸ್ತಾ ಇದೆಯಾ ಹಾಳಾದ್ದು? ಅದಕ್ಕೇ ಜನ ಬರ್ತಿಲ್ಲ!"

ಸಗ್ರಾರಿಯೊ ನಕ್ಕಳು. ಕಾಸ್ತಾಳಿಗೂ ನಗು ಬಂತು, ಎದೆಯಿಂದ ಮೂಟೆ ಇಳಿಸಿದ ಹಾಗಾಯಿತು. ಓನೊಫ್ರೆ ಎರಡು ಲೋಟ ತೆಗೆದಿಟ್ಟ.

"ಎವೆಲಿಯೊ ಇದ್ರೆ ಸ್ವಲ್ಪ ಫೋನ್ ಕೊಡ್ತೀರಾ?"

ಪಾತ್ರೆಯ ಸದ್ದು ನಿಂತಿತು. "ನೀವು ಯಾರು?"

ಕಾಸ್ತಾ ಬಾಯಿ ತೆರೆದಳು. ಅಭ್ಯಾಸ ಮಾಡಿಕೊಂಡ ಮಾತಿನಲ್ಲಿ ಈ ಪ್ರಶ್ನೆ ಇರಲಿಲ್ಲ. "ನಾನು... ಅವರ ಊರಿನವಳು."

"ಅಯ್ಯೋ. ಅವರು ನವೆಂಬರಿನಲ್ಲಿ ಹೋಗ್ಬಿಟ್ರು ತಾಯಿ. ಹೃದಯದ್ದು. ಪುರಸಭೆಯವರೇ ಮಣ್ಣು ಮಾಡಿದ್ರು. ನಾನು, ನನ್ನ ಗಂಡ, ಪಾದ್ರಿ, ಅಷ್ಟೇ ಜನ. ಒಂದು ಕಾಗದ ಹಾಕ್ಸೋಣ ಅಂತ ನಂಗೆ ತುಂಬ ಆಸೆ ಇತ್ತು. ಕೆಳಗೆ ಯಾರ ಹೆಸರು ಹಾಕೋದು? ಆಸ್ಪತ್ರೆಯಲ್ಲಿ ಇದ್ದಾಗಲೇ ಕೇಳಿದ್ದೆ, ಯಾರಿಗಾದ್ರೂ ಹೇಳಿ ಕಳಿಸ್ಲಾ ಅಂತ. ಯಾರೂ ಇಲ್ಲ ಅಂದ್ರು. ಕೆಳಗೆ ಹೆಸರೇ ಇಲ್ದೆ ಹೇಗೆ ಹಾಕೋದು ಹೇಳಿ? ಬಿಟ್ವಿ. ನಾಯಿ ನಮ್ಮ ಹತ್ರಾನೇ ಇದೆ... ಕೇಳಿಸ್ತಿದೆಯಾ? ನಿಮ್ಮೂರಲ್ಲಿ ಅವರ ಕಡೆಯೋರು ಯಾರಾದ್ರೂ ಇದಾರಾ?"

ಓನೊಫ್ರೆ ಲೋಟ ಹಿಡಿದು ನಿಂತೇ ಇದ್ದ. ನವೆಂಬರ್ ಎಂಬ ಮಾತು ಅವನಿಗೂ ಕೇಳಿಸಿತ್ತು. ಅವನು ಬಾಯಿ ಬಿಟ್ಟದ್ದು ಜನವರಿಯಲ್ಲಿ.

"ವಿಚಾರಿಸ್ತೀನಿ," ಎಂದು ಕಾಸ್ತಾ ಫೋನು ಇಟ್ಟಳು.

ಓನೊಫ್ರೆ ಲೋಟ ಕೆಳಗಿಟ್ಟ. "ನಾವು ಹಾಕ್ಸೋಣ ಕಣೇ ಕಾಗದ. ಇಲ್ಲೇ, ಈ ಬಾಗಿಲಿಗೆ. ನಿನ್ನ ಹೆಸರು ಹಾಕಿ."

"ಯಾರು ಓದ್ಬೇಕು ಅದನ್ನ?"

ಓನೊಫ್ರೆ ವೈನು ಸುರಿಯದ ಲೋಟಗಳನ್ನು ಮತ್ತೆ ಕಪಾಟಿಗೆ ಇಟ್ಟ. ಐದು ಗಂಟೆಯಾಗುತ್ತ ಬಂದಿತ್ತು. ಇಸ್ಪೀಟು ಆಡುವವರು ಬರುವ ಹೊತ್ತು.

ಕಾಸ್ತಾ ಕಿರುಬೆರಳಿನಿಂದ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಎವೆಲಿಯೊ ಬೆಂಚಿನ ಮೇಲೆ ಬಂದು ಕೂತ. ಮುಂದೆ ಇಟ್ಟಳು, ಇಲ್ಲ. ಹಿಂದೆ ಇಟ್ಟಳು. ಅಲ್ಲೇ ನಿಂತಳು. ಹೊರಗೆ ಯಾರೋ ಬಾಗಿಲ ಬಳಿ ಕಾಲೊರೆಸಿಕೊಳ್ಳುವ ಸದ್ದಾಯಿತು. ಅವಳು ತಲೆ ಎತ್ತಲಿಲ್ಲ. ಬೆರಳು ಅಲುಗಿದರೆ ಅವನು ಎದ್ದುಹೋಗುತ್ತಾನೆಂದು ಕೈಯನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದಳು.